ಅಮೆರಿಕದ ರಿಜಿಸ್ಟ್ರಾರ್ ಆಫೀಸಿನಲ್ಲಿ ಅಮ್ಮನ ಹೆಬ್ಬೆಟ್ಟು

ಬಂಗಾರಪೇಟೆ

ಅಮೆರಿಕಕ್ಕೆ ಹೋಗಿಬಂದವರು ದೊಡ್ಡ ಜಲಪಾತದ ಬಗ್ಗೆ ಬರೆಯುತ್ತಾರೆ, ಮುಗಿಲು ಮುಟ್ಟುವ ಕಟ್ಟಡಗಳ ಬಗ್ಗೆ ಬರೆಯುತ್ತಾರೆ. ನಾನು ಎರಡನ್ನೂ ನೋಡಲಿಲ್ಲ. ಅಷ್ಟು ದೂರ ಹೋಗಿ ನಾನು ನೋಡಿದ್ದು ಒಂದು ರಿಜಿಸ್ಟ್ರಾರ್ ಆಫೀಸು, ಅದನ್ನೂ ಎರಡು ಸಲ. ಅದಕ್ಕೆ ಬಂಗಾರಪೇಟೆಯ ಆಫೀಸು ಸಾಲದಾಗಿತ್ತೇ ಎಂದು, ಕೋಲಾರದ ನಂದಿದುರ್ಗ ಚಿನ್ನದ ಗಣಿಯ ಕೂಲಿಮನೆಗಳ ಸಾಲಿನ, ಅಂದರೆ ನಮ್ಮ ಲೈನಿನ, ಗೆಳೆಯರು ಇವತ್ತಿಗೂ ಕಾಡಿಸುತ್ತಾರೆ. ಸಾಲುತ್ತಿರಲಿಲ್ಲ. ಯಾಕೆಂದು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ವಿಚಾರ. ನಾನು ಪಿಯುಸಿಯನ್ನು ಇಷ್ಟಪಟ್ಟು ಎರಡು ಸಲ ಓದಿದವನು. ಕೆಲಸವೆಂದು ಇದ್ದದ್ದು ಅಣಕ ಮಾಡುವುದು. ಗಣಿಯ ಸೈರನ್ನು, ಅದರ ಹಿಂದೆಯೇ ಊಳಿಡುವ ನಾಯಿ, ರೈಲು ತಡವಾಗಿ ಬರುತ್ತದೆಂದು ಸಂತೋಷದಿಂದ ಸಾರುವ ಬಂಗಾರಪೇಟೆ ಸ್ಟೇಷನ್ನಿನ ಹೆಂಗಸು, ಇಂಗ್ಲಿಷಿನಲ್ಲಿ ಬೈದು ತಮಿಳಿನಲ್ಲಿ ಸಮಾಧಾನ ಮಾಡುವ ಶಿಫ್ಟ್ ಬಾಸು, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗೆ ಇದ್ದರು. ಅವರಲ್ಲಿ ಹಳೆಯ ಬಾಡಿಗೆದಾರ ಪತ್ರ ಬರೆಯುವ ಶಾಮಣ್ಣ. ಬಂಗಾರಪೇಟೆಯ ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಹುಣಸೆಮರದ ಕೆಳಗೆ ಮೇಜು ಹಾಕಿಕೊಂಡು ಕೂತು, ಹೊಲ ಮನೆಗಳ ಪತ್ರ ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವವನು. ‘ಸ್ವಇಚ್ಛೆಯಿಂದ, ಯಾರ ಬಲವಂತವೂ ಇಲ್ಲದೆ, ಸ್ಥಿರಬುದ್ಧಿಯಿಂದ’ ಎಂದು ಅವನು ಮೂಗಿನಲ್ಲಿ ಎಳೆಯುತ್ತಾ ಹೋದರೆ ಮರದ ಮೇಲಿನ ಕಾಗೆಗಳೂ ಕಣ್ಣು ಮುಚ್ಚುತ್ತಿದ್ದವು.

ನನ್ನ ಅಮ್ಮ ಮುನಿಯಮ್ಮನಿಗೂ ಆ ಮರಕ್ಕೂ ಹಳೆಯ ಸಂಬಂಧ. ಅಮ್ಮನ ತವರು ಕ್ಯಾಸಂಬಳ್ಳಿಯ ಪಕ್ಕದ ಹಳ್ಳಿ. ನಮ್ಮ ಕಡೆ ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಹೆಣ್ಣುಮಕ್ಕಳನ್ನು ಕರೆಸಿ, ಒಬ್ಬಟ್ಟಿನ ಊಟ ಹಾಕಿ, ಸೀರೆ ಕುಪ್ಪಸ ಮಡಿಲಿಗಿಟ್ಟು, ಅದೇ ಸಂಭ್ರಮದಲ್ಲಿ ಬಸ್ಸು ಹತ್ತಿಸಿ ಬಂಗಾರಪೇಟೆಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಹೆಣ್ಣುಮಕ್ಕಳು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ಅಪ್ಪನ ಹೊಲದಲ್ಲಿ ಇನ್ನು ನನಗೇನೂ ಇಲ್ಲ ಎಂಬ ಪತ್ರ. ಒತ್ತಿದವಳು ಒಳ್ಳೆಯ ತಂಗಿ, ಒತ್ತದವಳು ಮನೆಮುರುಕಿ. ನಾನು ಸೊಂಟದ ಮೇಲಿನ ಕೂಸಾಗಿದ್ದಾಗ ಅಮ್ಮ ಒಳ್ಳೆಯ ತಂಗಿಯಾದಳು. ಪತ್ರ ಓದಿದವನು ಶಾಮಣ್ಣ.

ಅವತ್ತು ಅಮ್ಮನ ತಮ್ಮ ನಾರಾಯಣ ಮಾವ ಮಾತ್ರ ಮುಖ ಊದಿಸಿಕೊಂಡು ಮರಕ್ಕೊರಗಿ ನಿಂತಿದ್ದನಂತೆ. ‘ಅಕ್ಕಾ, ಇವ್ರು ನಿನ್ ಎಸ್ರು ತೆಗ್ಸವ್ರೆ. ನಾನೊಂದಿನ ಎಲ್ಲಾದ್ರೂ ಸೇರಿಸ್ತೀನಿ, ನೋಡ್ತಿರು’ ಅಂದನಂತೆ. ಆಗ ಅವನ ಹೆಸರಿನಲ್ಲಿ ಒಂದು ಸೈಕಲ್ಲೂ ಇರಲಿಲ್ಲವಾದ್ದರಿಂದ ಎಲ್ಲರೂ ನಕ್ಕರಂತೆ.

ಮಾವ ನಂದಿದುರ್ಗದ ಗಣಿಯಲ್ಲಿ ಫಿಟ್ಟರ್ ಆದ. ಆಮೇಲೆ ಒಬ್ಬ ಎಂಜಿನಿಯರ್ ಸಾಹೇಬನ ಶಿಫಾರಸಿನಿಂದ ಅಮೆರಿಕದ ಚಿನ್ನದ ಗಣಿಯೊಂದಕ್ಕೆ ಹೋದ. ಅಲ್ಲಿ ಬೆಟ್ಟದ ಮೇಲೊಂದು ಮನೆ ಕೊಂಡು, ಪತ್ರದಲ್ಲಿ ತನ್ನ ಹೆಸರಿನ ಪಕ್ಕದಲ್ಲಿ ಅಕ್ಕನ ಹೆಸರು ಹಾಕಿಸಿದ. ಇಬ್ಬರಲ್ಲಿ ಒಬ್ಬರು ಹೋದರೆ ಮನೆ ಪೂರ್ತಿ ಉಳಿದವರದು ಎಂದು ಬರೆಸಿದ. ಆಮೇಲೆ ಡೊರೊತಿ ಎಂಬ ಅಲ್ಲಿಯ ಹೆಂಗಸನ್ನು ಮದುವೆಯಾದ. ಪತ್ರ ಹಾಗೇ ಉಳಿಯಿತು. ಗಣಿಯ ಧೂಳು ಅವನ ಎದೆ ತಿಂದು ಮುಗಿಸಿದಾಗ ನ್ಯಾಯ ಹೀಗಾಯಿತು: ಡೊರೊತಿ ಅತ್ತೆ ಇಷ್ಟು ವರ್ಷ ಬಾಳಿದ ಮನೆ, ಕಾಗದದ ಪ್ರಕಾರ, ನಂದಿದುರ್ಗದ ಕಂಪನಿ ಲೈನಿನಲ್ಲಿರುವ ಮುನಿಯಮ್ಮನದು. ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಕಂಪನಿಯನ್ನು ಕೇಳಬೇಕಾದ ಮುನಿಯಮ್ಮನದು.

ಆ ಬೆಟ್ಟ ಅಲ್ಲಿಯ ಗಣಿ ಕಂಪನಿಗೆ ಬೇಕಾಗಿತ್ತು. ಮಾರುತ್ತೀರಾ ಎಂದು ನಮಗೆ ಕಾಗದ ಬಂತು. ಕಾಗದದ ಹಿಂದೆಯೇ ಅಮ್ಮನ ಅಣ್ಣ, ನಮ್ಮ ದೊಡ್ಡಮಾವ, ಬಂಗಾರಪೇಟೆಯಿಂದ ಬಂದ. ಕೈಯಲ್ಲಿ ಜರಿ ಅಂಚಿನ ಸೀರೆ.

‘ಅಮ್ಮಯ್ಯಾ, ಆ ದೂರದ ಮನೆ ಇಟ್ಕೊಂಡು ಏನ್ಮಾಡ್ತೀಯ. ಆ ಬಿಳಿಯೋಳು ನಮಗೇನಾಗ್ಬೇಕು. ಮಾರ್ಬುಡು. ಕಾಗ್ದ ಪತ್ರ ಎಲ್ಲ ನಾನ್ ನೋಡ್ಕೋತೀನಿ’ ಅಂದ.

ಅಮ್ಮ ಸೀರೆಯ ಅಂಚನ್ನು ತಿರುಗಿಸಿ ನೋಡಿದಳು. ‘ಸೀರೆ ಚೆನ್ನಾಗೈತೆ ಅಣ್ಣ. ಈ ಸಲ ಯಾವ ಒಲ?’

ದೊಡ್ಡಮಾವ ಕಾಫಿ ಕುಡಿಯದೆ ಎದ್ದು ಹೋದ. ಸೀರೆ ಮಡಿಕೆ ಬಿಚ್ಚದೆ ಟ್ರಂಕಿನಲ್ಲಿ ಕೂತಿತು. ಅಮ್ಮ ನಿರ್ಧಾರ ಹೇಳಿದಳು: ‘ನಾದಿನಿ ಮನೆ ನಾದಿನಿಗೆ ಬರ್ಕೊಟ್ಟು ಬತ್ತೀನಿ.’

ಇಲ್ಲಿಂದಲೇ ಕಾಗದ ಕಳಿಸಬಹುದಲ್ಲ ಅಂದೆ. ‘ಇಲ್ಲಿರೋ ಕಾಗದಕ್ಕೆಲ್ಲ ನಿಮ್ ದೊಡ್ಮಾವ ಕೈ ಆಕ್ತಾನೆ. ನಾನೇ ಓಗ್ತೀನಿ. ನೀನೂ ಬಾ, ನಿಂಗೆ ಇಂಗ್ಲೀಸು ಬತ್ತದಲ್ಲ’ ಅಂದಳು. ಡೊರೊತಿ ಅತ್ತೆ ಇಬ್ಬರಿಗೂ ಟಿಕೆಟ್ಟು ಕಳಿಸಿದಳು. ನನಗೆ ಬರುತ್ತಿದ್ದದ್ದು ಶಿಫ್ಟ್ ಬಾಸಿನ ಇಂಗ್ಲಿಷು ಎಂಬುದನ್ನು ನಾನು ಯಾರಿಗೂ ಹೇಳಲಿಲ್ಲ.

ಸುಂಕದ ಕಟ್ಟೆ

ವಿಮಾನದ ಬಗ್ಗೆ ಹೇಳುವುದೇನಿಲ್ಲ. ಅದರೊಳಗೆ ಕೂತಾಗ ಹಾರುತ್ತಿದ್ದೇವೆ ಅನ್ನಿಸುವುದಿಲ್ಲ. ಕೋಲಾರದ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತರೆ ಹೆಚ್ಚು ಹಾರುತ್ತೇವೆ.

ಇಳಿದ ಮೇಲೆ ಸಾಮಾನು ನೋಡುವವನು ನಮ್ಮನ್ನು ತಡೆದ. ಅಮ್ಮನ ಚೀಲದಲ್ಲಿ ಡಬ್ಬಿ ತುಂಬ ಕರಿದ ಅವರೆಬೇಳೆ. ತಮ್ಮ ಸತ್ತ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆಂದು ತಂದಿದ್ದಳು. ಅವನು ಒಂದು ಕಾಳು ಎತ್ತಿ ಹಿಡಿದು, ಬೀಜಗಳನ್ನು ದೇಶದೊಳಗೆ ತರುವಂತಿಲ್ಲ ಅಂದ. ನಾನು ನನ್ನ ಇಂಗ್ಲಿಷಿನಲ್ಲಿ ‘ಯಾ ಮ್ಯಾನ್, ರೈಟ್ ಮ್ಯಾನ್’ ಅಂದೆ. ನಂದಿದುರ್ಗದಲ್ಲಿ ಅದಕ್ಕೆ ಎಲ್ಲ ಬಾಗಿಲೂ ತೆರೆಯುತ್ತಿದ್ದವು. ಅವನು ನನ್ನ ಪಾಸ್‌ಪೋರ್ಟನ್ನು ಮತ್ತೊಮ್ಮೆ ನೋಡಿದ.

‘ಏನಂತವ್ನೆ?’ ಅಂದಳು ಅಮ್ಮ.

‘ಬೀಜ ತರ್ಬಾರ್ದಂತೆ.’

‘ಬೀಜ ಅಂದ್ರೆ ಮೊಳೀಬೇಕು ತಾನೆ. ನೆನಸಿ, ಇತುಕಿ, ಎಣ್ಣೇಲಿ ಕರ್ದು, ಉಪ್ಪು ಕಾರ ಆಕಿದ್ದೀನಿ. ಇನ್ನೂ ಮೊಳೀತದೆ ಅಂದ್ರೆ ಅವ್ನೇ ಬಿತ್ತಿ ತೋರಿಸ್ಲಿ ಅನ್ನು.’

ಹೇಳಿ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅವನ ಮುಂದೆಯೇ ಕರುಂಕರುಂ ಎಂದು ಅಗಿದಳು. ನಾನು ಹೆದರಿಕೆಯಲ್ಲಿ ಅಕ್ಷರಶಃ ಹೇಳಿಬಿಟ್ಟೆ. ಅವನು ಒಂದು ಕಾಳು ಬಾಯಿಗಿಟ್ಟುಕೊಂಡ. ಕಣ್ಣು ಕೆಂಪಾಯಿತು. ಡಬ್ಬಿ ಮುಚ್ಚಿ, ಹೋಗಿ ಎಂದು ಕೈ ಆಡಿಸಿದ.

ಮಾವನ ಊರು

ಹೊರಗೆ ಎತ್ತರದ, ಒಣಗಿದ, ಗಂಡಸರ ಷರಟು ತೊಟ್ಟ ಹೆಂಗಸೊಬ್ಬಳು ನಿಂತಿದ್ದಳು. ಅಮ್ಮನನ್ನು ಕಂಡದ್ದೇ ‘ಉಂಡ್ಯಾ?’ ಅಂದಳು.

ಅವಳೇ ಡೊರೊತಿ ಅತ್ತೆ. ಮಾವ ಕಲಿಸಿದ ಕನ್ನಡದಲ್ಲಿ ಅವಳಿಗೆ ಎರಡು ಮಾತು ಉಳಿದಿದ್ದವು: ‘ಉಂಡ್ಯಾ’ ಮತ್ತು ‘ಕೂತ್ಕೋ’. ಬೆಳಗಿಗೂ ಉಂಡ್ಯಾ, ಬೀಳ್ಕೊಡುವಾಗಲೂ ಉಂಡ್ಯಾ. ಅಮ್ಮ ಅಲ್ಲೇ ಅವಳ ಕೈ ಹಿಡಿದುಕೊಂಡು ಅತ್ತಳು. ಆಮೇಲೆ ಅವಳಿಗೆ ಡೊರೋತಮ್ಮ ಎಂದು ಹೆಸರಿಟ್ಟಳು. ಅವಳು ಬೇಡವೆನ್ನಲಿಲ್ಲ.

ಅತ್ತೆ ಕಾರು ಓಡಿಸಿದಷ್ಟು ಹೊತ್ತೂ ಬಯಲು. ಮರವಿಲ್ಲ, ದನವಿಲ್ಲ, ದಾರಿಯಲ್ಲಿ ನಡೆಯುವ ಒಬ್ಬ ಮನುಷ್ಯನಿಲ್ಲ. ಕೊನೆಗೊಂದು ತಿರುವಿನಲ್ಲಿ ಬೂದು ಬಣ್ಣದ ದಿಬ್ಬ ಎದ್ದಿತು, ಮೇಲೆ ಚಪ್ಪಟೆ, ಪಕ್ಕದಲ್ಲಿ ಮಳೆ ಕೊರೆದ ಗೀರುಗಳು. ಅದರ ಹಿಂದೆ ಗಣಿಯ ಬಾಯಿಯ ಮೇಲಿನ ಕಬ್ಬಿಣದ ಗೋಪುರ, ತುದಿಯಲ್ಲಿ ದೊಡ್ಡ ರಾಟೆ. ಚಿನ್ನ ತೆಗೆದು ಮಿಕ್ಕಿದ ಪುಡಿಯ ಗುಡ್ಡ ಅದು. ನಮ್ಮಲ್ಲಿ ಸೈನೈಡ್ ದಿಬ್ಬ ಅನ್ನುತ್ತೇವೆ, ಗಾಳಿ ಬೀಸಿದರೆ ನಮ್ಮ ಅನ್ನದಲ್ಲೂ ಅದರ ರುಚಿ.

ಅಮ್ಮ ಕಿಟಕಿಗೆ ಮುಖ ಹಚ್ಚಿ ನೋಡಿದಳು. ‘ಲೇ, ಇದು ನಮ್ಮೂರೇ ಕಣ್ಲಾ. ಸುತ್ಸಿ ಸುತ್ಸಿ ವಾಪಸ್ ಕರ್ಕೊಂಬಂದವ್ರೆ.’

ಮಾವ ಯಾಕೆ ಈ ಊರು ಬಿಟ್ಟು ಬರಲಿಲ್ಲವೆಂದು ನನಗೆ ಆಗ ಅರ್ಥವಾಯಿತು. ಅವನು ಊರು ಬಿಟ್ಟೇ ಇರಲಿಲ್ಲ.

ಮನೆ ಸಣ್ಣದು, ಹಲಗೆಯದು, ಗಾಳಿಗೆ ಕಿರುಗುಟ್ಟುವಂಥದು. ಅಮ್ಮ ಒಳಗೆ ಹೋಗುವ ಮೊದಲು ಅದರ ಸುತ್ತ ನಡೆದಳು. ನಮ್ಮ ಪತ್ರಗಳಲ್ಲಿ ಚಕ್ಕುಬಂದಿ ಅಂತ ಬರುತ್ತದೆ: ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಗಾಡಿದಾರಿ, ಹೀಗೆ ನಾಲ್ಕೂ ದಿಕ್ಕಿನ ಎಲ್ಲೆ. ಅವಳು ಪೂರ್ವಕ್ಕೆ ಮೂರು ನಾಯಿ ಸಾಕಿದವನ ಬೇಲಿಯನ್ನೂ, ಪಶ್ಚಿಮಕ್ಕೆ ಒಣ ಕಾಲುವೆಯನ್ನೂ, ಉತ್ತರಕ್ಕೆ ಗಣಿಯ ದಿಬ್ಬವನ್ನೂ, ದಕ್ಷಿಣಕ್ಕೆ ರಸ್ತೆಯನ್ನೂ ನೋಡಿಕೊಂಡು ಬಂದು ಒಳಗೆ ಕೂತಳು. ಅತ್ತೆ ನನ್ನನ್ನು ಕೇಳಿದಳು, ಏನಾದರೂ ಕಳೆದುಕೊಂಡರಾ ಎಂದು.

ಕೌಂಟಿ ಕಚೇರಿ

ಕೌಂಟಿ ಅಂದರೆ ತಾಲ್ಲೂಕು ಎಂದುಕೊಳ್ಳಿ. ಬಂಗಾರಪೇಟೆ ತಾಲ್ಲೂಕನ್ನು ಎಳೆದು ಹಿಗ್ಗಿಸಿ, ಅದರಿಂದ ಜನರನ್ನೆಲ್ಲ ಕೊಡವಿಬಿಟ್ಟರೆ ಆ ಕೌಂಟಿ. ಮನೆ ಜಮೀನಿನ ಪತ್ರಗಳನ್ನು ದಾಖಲು ಮಾಡುವುದು ಅದರ ಕಚೇರಿಯಲ್ಲಿ.

ಹೊರಗೆ ಹುಣಸೆಮರ ಹುಡುಕಿದೆ. ಧ್ವಜದ ಕಂಬ ಇತ್ತು. ಟೀ ಇಲ್ಲ, ಪತ್ರ ಬರೆಯುವವರಿಲ್ಲ, ಸಾಕ್ಷಿಗೆ ಬರಲಾ ಎಂದು ಕೇಳುವವರಿಲ್ಲ. ಒಳಗೆ ನೆಲಕ್ಕೆಲ್ಲ ಜಮಖಾನೆ, ಗೋಡೆಯ ಮೇಲೊಂದು ಜಿಂಕೆಯ ತಲೆ. ಸದ್ದೇ ಇಲ್ಲ. ಅಮ್ಮ ನನ್ನ ತೋಳು ಜಗ್ಗಿ ಪಿಸುಗುಟ್ಟಿದಳು: ‘ಯಾರ್ಲಾ ಸತ್ತಿರೋದು?’

ಕಿಟಕಿಯ ಹಿಂದೆ ಕನ್ನಡಕವನ್ನು ಸರಪಳಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡ ಹೆಂಗಸಿದ್ದಳು. ಪತ್ರ ತೆಗೆದುಕೊಳ್ಳುವವಳೂ ಅವಳೇ, ರುಜು ನೋಡಿ ದೃಢೀಕರಿಸುವವಳೂ ಅವಳೇ, ಮದುವೆಯ ಪರವಾನಗಿ ಕೊಡುವವಳೂ ಅವಳೇ. ನಮ್ಮಲ್ಲಿ ಇಷ್ಟಕ್ಕೆ ಒಂದು ಕಟ್ಟಡ ತುಂಬ ಜನ ಬೇಕು, ಅವರೆಲ್ಲ ಊಟಕ್ಕೆ ಹೋಗಿರಬೇಕು.

ಡೊರೊತಿ ಅತ್ತೆ ಪರಿಚಯದ ವಕೀಲನಿಂದ ಬರೆಸಿಟ್ಟಿದ್ದ ಪತ್ರವನ್ನು ಮುಂದಿಟ್ಟಳು. ಅಮ್ಮ ತನ್ನ ಹಕ್ಕನ್ನು ಬಿಟ್ಟು ಮನೆಯನ್ನು ಅತ್ತೆಗೆ ಕೊಡುವ ಪತ್ರ, ಒಂದೇ ಹಾಳೆ. ಕಿಟಕಿಯ ಹೆಂಗಸು ಅಮ್ಮನನ್ನು ನೋಡಿ, ನನ್ನನ್ನು ನೋಡಿ, ‘ಇವರಿಗೆ ಇದು ಅರ್ಥವಾಗಿದೆಯೇ? ಅವರ ಭಾಷೆಯಲ್ಲಿ ಪೂರ್ತಿ ಓದಿ ಹೇಳಿ’ ಅಂದಳು.

ಹೆದರಿಕೆಯಾದಾಗ ನಾನು ಮಾಡುವುದು ಒಂದೇ, ಬಾಡಿಗೆದಾರರಲ್ಲಿ ಒಬ್ಬನನ್ನು ಎಬ್ಬಿಸುವುದು. ಕತ್ತು ಓರೆ ಮಾಡಿ, ಮೂಗಿನಲ್ಲಿ ಉಸಿರು ಎಳೆದು, ಶಾಮಣ್ಣನನ್ನು ಕರೆದೆ.

‘ಮುನಿಯಮ್ಮ ಎಂಬ ನಾನು, ಸ್ವಇಚ್ಛೆಯಿಂದ, ಯಾರ ಬಲವಂತವೂ ಇಲ್ಲದೆ, ಸದರಿ ಸ್ವತ್ತಿನಲ್ಲಿ ನನಗಿರುವ ಸಮಸ್ತ ಹಕ್ಕುಗಳನ್ನೂ ಬಿಟ್ಟುಕೊಟ್ಟಿರುತ್ತೇನೆ. ಇನ್ನು ಮುಂದೆ ಇದರಲ್ಲಿ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಸಂಬಂಧವೂ ಇರುವುದಿಲ್ಲ…’

ಅಮ್ಮ ನಗುತ್ತಾಳೆ ಎಂದುಕೊಂಡಿದ್ದೆ. ಲೈನಿನಲ್ಲಿ ನಾನು ಈ ದನಿ ತೆಗೆದರೆ ಮೊದಲು ನಗುವವಳು ಅವಳೇ. ಅವತ್ತು ನಗಲಿಲ್ಲ. ಕಿಟಕಿಯ ಕಟ್ಟೆಯ ಮೇಲಿದ್ದ ಬಲಗೈಯನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡಳು.

‘ಇದೇ ಮಾತು ಬರ್ದವ್ರಾ, ನೀನ್ ಕಟ್ಟಿ ಏಳ್ತಿದ್ದೀಯಾ?’

‘ಮಾತು ಇದೇ ಕಣಮ್ಮ. ದನಿ ಒಂದು ಶಾಮಣ್ಣಂದು.’

‘ಇದಕ್ಕೆ ಒತ್ತಿದ್ ಮ್ಯಾಲೆ ನನ್ ಎಸ್ರು ಎಲ್ಲಿರ್ತದೆ?’

‘ಎಲ್ಲೂ ಇರಲ್ಲ.’

ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿ ಸೆರಗಿನಲ್ಲಿ ಸುತ್ತಿಕೊಂಡಳು. ‘ಒತ್ತಲ್ಲ ಅಂತ ಏಳು.’

‘ಅಮ್ಮ, ಇದಕ್ಕೇ ಅಲ್ವಾ ಅಷ್ಟು ದೂರದಿಂದ ಬಂದಿದ್ದು?’

‘ಬಂದಿದ್ದೆ. ಈಗ ಒತ್ತಲ್ಲ.’

ಬಂಗಾರಪೇಟೆಯಲ್ಲಾಗಿದ್ದರೆ ಈ ಮಾತಿಗೆ ಮರದ ಕೆಳಗಿನವರೆಲ್ಲ ಎದ್ದು ಬರುತ್ತಿದ್ದರು. ಬುದ್ಧಿ ಹೇಳುವವರು, ಗದರಿಸುವವರು, ತವರಿನ ಮಾನದ ಬಗ್ಗೆ ಮಾತಾಡುವವರು. ಮಡಿಸಿದ ಆ ಹೆಬ್ಬೆರಳನ್ನು ಬಿಡಿಸಲು ನಾಲ್ಕು ಕೈ ಚಾಚುತ್ತಿದ್ದವು. ಇಲ್ಲಿ ಕಿಟಕಿಯ ಹೆಂಗಸು ಕನ್ನಡಕ ತೆಗೆದು ಎದೆಯ ಮೇಲೆ ಬಿಟ್ಟು, ‘ಅವರಿಗೆ ಒಪ್ಪಿಗೆ ಇಲ್ಲದಿದ್ದರೆ ನಾನು ಮುಂದುವರಿಯುವುದಿಲ್ಲ’ ಅಂದಳು. ಅಷ್ಟೇ. ಆ ದೇಶದಲ್ಲಿ ನಾನು ಕಂಡ ದೊಡ್ಡ ಜಲಪಾತ ಇದೇ ಎಂದು ಬರೆದುಕೊಳ್ಳಿ.

ಆದರೆ ಡೊರೊತಿ ಅತ್ತೆಯ ಮುಖ ಸುಣ್ಣದಂತಾಗಿತ್ತು. ಮನೆಗೆ ಬಂದು ಅವಳು ಉಂಡ್ಯಾ ಎಂದು ಕೇಳಲೂ ಇಲ್ಲ.

ಬೆಟ್ಟದ ಮನೆ

ಅಮ್ಮ ಹೊರಗೆ ಮೆಟ್ಟಿಲ ಮೇಲೆ ಕೂತು ದಿಬ್ಬ ನೋಡುತ್ತಾಳೆ, ಅತ್ತೆ ಒಳಗೆ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಾಳೆ, ನಾನು ನಡುವಿನ ಬಾಗಿಲಲ್ಲಿ ನಿಂತು ಎರಡು ಭಾಷೆಯಲ್ಲಿ ಮೌನವನ್ನು ಅನುವಾದಿಸುತ್ತೇನೆ. ಹೀಗೆ ಹೊತ್ತು ಕಳೆಯಿತು. ಅಮ್ಮನ ಮನಸ್ಸಿನಲ್ಲಿ ಏನಿದೆಯೆಂದು ಕೇಳಿದರೆ ‘ತಡಿಲಾ, ಕೂಡ್ತಾ ಇದ್ದೀನಿ, ಕಳೀತಾ ಇದ್ದೀನಿ’ ಅನ್ನುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಗಣಿ ಕಂಪನಿಯವನು ಬಂದ. ಅತ್ತೆಯನ್ನು ಅವನು ಆಗಲೇ ಎಷ್ಟೋ ಸಲ ಕಾಡಿದ್ದನಂತೆ. ಮುನಿಯಮ್ಮ ಊರಿಗೆ ಬಂದಿದ್ದಾಳೆ, ಬಂದೂ ಪತ್ರ ಮಾಡಿಕೊಟ್ಟಿಲ್ಲ ಎಂಬ ಸುದ್ದಿ ಅಷ್ಟರಲ್ಲೇ ಅವನನ್ನು ಮುಟ್ಟಿತ್ತು. ಜನವೇ ಇಲ್ಲದ ಊರಿನಲ್ಲಿ ಸುದ್ದಿ ಹೇಗೆ ಓಡುತ್ತದೋ ನನಗೆ ತಿಳಿಯದು, ನಮ್ಮ ಲೈನಿನಲ್ಲಾದರೆ ಗೋಡೆ ತೆಳ್ಳಗಿರುತ್ತದೆ. ಬಂದವನು ಹಲ್ಲೆಲ್ಲ ಒಂದೇ ಅಳತೆಯಲ್ಲಿದ್ದ ಚೆಲುವ. ಬಣ್ಣದ ಕಾಗದ ಸುತ್ತಿ ದಾರ ಕಟ್ಟಿದ ಹಣ್ಣಿನ ಬುಟ್ಟಿ ತಂದಿದ್ದ. ಅದನ್ನು ಅಮ್ಮನ ಮಡಿಲಿಗೇ ಇಟ್ಟು, ಮಾರುವುದರಿಂದ ಎಲ್ಲರಿಗೂ ಎಷ್ಟು ಒಳ್ಳೆಯದೆಂದು ನಿಧಾನವಾಗಿ, ಕಿವುಡರಿಗೆ ಹೇಳುವ ಹಾಗೆ ಹೇಳಿದ.

ಅಮ್ಮ ಬುಟ್ಟಿಯನ್ನು ತಿರುಗಿಸಿ ನೋಡಿದಳು. ‘ಇವ್ನೂ ಸೀರೆ ತಂದವ್ನೆ ನೋಡ್ಲಾ.’

ನಾನು ಅದನ್ನು ಅನುವಾದಿಸಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಬುಟ್ಟಿ ಅಮ್ಮನ ಮಡಿಲಲ್ಲಿರುವುದಷ್ಟೇ ಕಂಡಿತು. ಅವಳು ನನ್ನ ಕಡೆ ತಿರುಗಿದಳು. ‘ಮಾರಬೇಕೆಂದಿದ್ದರೆ ನಿಮ್ಮಮ್ಮ ನನಗೆ ಮೊದಲೇ ಹೇಳಬಹುದಿತ್ತು. ನಿಮ್ಮ ಮಾವನನ್ನು ಈ ಕೋಣೆಯಲ್ಲಿ ಎಷ್ಟು ದಿನ ನೋಡಿಕೊಂಡೆ ಗೊತ್ತಾ. ಈ ಮನೆಯಲ್ಲಿ ಎಲ್ಲೂ ನನ್ನ ಹೆಸರಿಲ್ಲ. ಒಂದು ಚೂರು ಕಾಗದದಲ್ಲೂ ಇಲ್ಲ.’

ಇದನ್ನು ನಾನು ಅಮ್ಮನಿಗೆ ಹೇಳಿದೆ. ಅಮ್ಮ ಎದ್ದು, ಮೆಟ್ಟಿಲಿಳಿದು, ಆ ಮನುಷ್ಯನ ಕಾರಿನ ಬಾಗಿಲು ತೆಗೆದು, ಬುಟ್ಟಿಯನ್ನು ಅವನ ಸೀಟಿನ ಮೇಲೆ ನೆಟ್ಟಗೆ ಕೂರಿಸಿ, ಬಾಗಿಲು ಹಾಕಿದಳು. ಅವನು ನನ್ನ ಮುಖ ನೋಡಿದ. ಇದಕ್ಕೆ ಅನುವಾದ ಬೇಕಿರಲಿಲ್ಲ. ಒಂದೇ ಅಳತೆಯ ಹಲ್ಲುಗಳು ಒಂದೊಂದಾಗಿ ಒಳಗೆ ಹೋದವು, ಅವನೂ ಹೋದ.

ಅಮ್ಮ ಬಂದು ಅತ್ತೆಯ ಮುಂದೆ ನಿಂತಳು. ‘ಡೊರೋತಮ್ಮ, ಕೂತ್ಕೋ.’ ಅತ್ತೆಗೆ ಗೊತ್ತಿದ್ದ ಮಾತು ಅದು, ಕೂತಳು.

‘ನಾನು ಒಂದ್ಸಲ ಎಸ್ರು ತೆಗ್ಸ್ಕೊಂಡೋಳು’ ಅಂದಳು ಅಮ್ಮ. ‘ನಮ್ಮಪ್ಪನ ಒಲದಲ್ಲಿ ನಾನು ಇಲ್ಲ. ನಮ್ ಲೈನ್ ಮನೇಲಿ ನಾನು ಇಲ್ಲ, ಅದು ಕಂಪ್ನೀದು. ಭೂಮಿ ಮ್ಯಾಲೆ ನನ್ ಎಸ್ರು ಇರೋದು ಇಲ್ಲೊಂದ್ಕಡೆ. ಅದನ್ನ ನನ್ ತಮ್ಮ ಆಕ್ಸಿದ್ದು. ಅದನ್ನ ಅಳಿಸೋ ಪತ್ರಕ್ಕೆ ಒತ್ತಲ್ಲ. ಮಾರೋದೂ ಇಲ್ಲ.’

ಅತ್ತೆ ಕೇಳಿಸಿಕೊಂಡು ಕೇಳಿದಳು: ‘ಅಂದರೆ ಅವಳಿಗೆ ನನ್ನ ಮೇಲೆ ನಂಬಿಕೆ ಇಲ್ಲವಾ?’

‘ನಂಬ್ಕೆ ಐತೆ. ನಮ್ಮಣ್ಣನ ಮ್ಯಾಲೂ ಇತ್ತು. ಅದಕ್ಕೇ ಅವತ್ತು ಒತ್ತಿದ್ದು’ ಅಂದಳು ಅಮ್ಮ. ಆಮೇಲೆ ನನ್ನ ಕಡೆ ತಿರುಗಿದಳು. ‘ಎಸ್ರು ತೆಗೆಯೋ ಪತ್ರ ಬರೆಯೋಕೆ ಬತ್ತದಲ್ಲ ಇವ್ರಿಗೆ, ಸೇರ್ಸೋ ಪತ್ರ ಬರೆಯೋಕೆ ಬತ್ತದಾ ಕೇಳು. ನಂದಿರ್ಲಿ, ಪಕ್ಕದಲ್ಲಿ ಇವ್ಳದ್ದೂ ಇರ್ಲಿ. ಮೊದ್ಲು ನಾನೂ ನಾರಾಯಣನೂ ಇದ್ದಂಗೆ. ಒಬ್ರು ಸತ್ರೆ ಇನ್ನೊಬ್ರದು. ಇಬ್ರೂ ಒಪ್ದೆ ಆ ಬುಟ್ಟಿ ತಂದೋನು ಅದೆಂಗೆ ತಗೋತಾನೆ ನೋಡಾನ.’

ಅತ್ತೆ ಕೇಳಿದಳು: ‘ನಮ್ಮಿಬ್ಬರಲ್ಲಿ ಮೊದಲು ಹೋಗುವವರು ಯಾರು ಅಂತ?’

‘ನಂಗೇನ್ ಅವಸರ ಇಲ್ಲ ಅಂತ ಏಳು’ ಅಂದಳು ಅಮ್ಮ.

‘ನನಗೂ ಇಲ್ಲ’ ಅಂದಳು ಅತ್ತೆ. ನಕ್ಕಳೋ ಅತ್ತಳೋ, ಎರಡನ್ನೂ ಅಣಕಿಸಿ ತೋರಿಸಬಲ್ಲೆ, ಬೇರ್ಪಡಿಸಲಾರೆ. ಆಮೇಲೆ ಒಲೆ ಹಚ್ಚುತ್ತಾ ನನ್ನನ್ನು ಕೇಳಿದಳು, ‘ಉಂಡ್ಯಾ?’

ಮತ್ತೆ ಕೌಂಟಿ ಕಚೇರಿ

ವಕೀಲ ಹೊಸ ಪತ್ರ ಬರೆದುಕೊಟ್ಟ. ಮುನಿಯಮ್ಮ ತನ್ನ ಮನೆಯನ್ನು ಮುನಿಯಮ್ಮ ಮತ್ತು ಡೊರೊತಿ ಇಬ್ಬರಿಗೂ ಕೂಡಿ ಕೊಟ್ಟಿದ್ದಾಳೆ ಎಂದು. ತನ್ನದನ್ನು ತನಗೇ ಕೊಟ್ಟುಕೊಳ್ಳುವ ಈ ಪತ್ರ ನೋಡಿದ್ದರೆ ಶಾಮಣ್ಣ ಮೇಜು ಮಡಿಸಿ ಮನೆಗೆ ಹೋಗುತ್ತಿದ್ದ. ಚಕ್ಕುಬಂದಿ ಇಲ್ಲವೆಂದು ಅಮ್ಮ ಅದನ್ನು ಒಪ್ಪಲಿಲ್ಲ. ಅವರ ಪತ್ರದಲ್ಲಿ ನಿವೇಶನಕ್ಕೊಂದು ಸಂಖ್ಯೆ ಇರುತ್ತದೆ, ಅಷ್ಟೇ. ‘ನಂಬರು ಯಾರ್ ಬೇಕಾದ್ರೂ ಬದಲಾಯಿಸ್ತಾರೆ, ಕಾಲುವೆ ಬದಲಾಯ್ಸೋಕಾಗ್ತದಾ’ ಅಂದಳು. ಹಾಗಾಗಿ ಆ ದೇಶದ ದಾಖಲೆಯಲ್ಲಿ ಇವತ್ತಿಗೂ ಸಂಖ್ಯೆಯ ಕೆಳಗೆ ಪೂರ್ವಕ್ಕೆ ಮೂರು ನಾಯಿ ಸಾಕಿದವರ ಬೇಲಿ ಇದೆ.

ಸರಪಳಿ ಕನ್ನಡಕದ ಹೆಂಗಸು ಮತ್ತೆ ಹೇಳಿದಳು, ಓದಿ ಹೇಳಿ ಎಂದು. ನಾನು ಕತ್ತು ಓರೆ ಮಾಡುವುದರೊಳಗೆ ಅಮ್ಮ ತಡೆದಳು. ‘ಶಾಮಣ್ಣನ್ನ ಕರೀಬೇಡ. ನಿನ್ ಬಾಯಲ್ಲೇ ಓದ್ಲಾ.’

ನನ್ನ ಬಾಯಲ್ಲಿ ಓದಿದೆ. ಒಣಗಿದ, ನಡುಗುವ, ಯಾರದೂ ಅಲ್ಲದ ದನಿ ಹೊರಟಿತು. ಮೊದಲ ಸಲ ಕೇಳಿಸಿಕೊಂಡವನಂತೆ ನನಗೇ ಗಾಬರಿಯಾಯಿತು. ಅಮ್ಮ ಪ್ರತಿ ಸಾಲಿಗೂ ತಲೆಯಾಡಿಸಿದಳು. ‘ಇಲ್ಲಿ ನಾನಿದ್ದೀನಾ?’ ಅಂದಾಗ ಅವಳ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ. ‘ಇವ್ಳು?’ ಪಕ್ಕದ ಹೆಸರು ತೋರಿಸಿದೆ.

ಕಿಟಕಿಯ ಹೆಂಗಸು ಪೆನ್ನು ಕೊಟ್ಟು, ಬರೆಯಲು ಬಾರದಿದ್ದರೆ ಇಲ್ಲೊಂದು ಗುಣಾಕಾರದ ಗುರುತು ಹಾಕಲಿ ಅಂದಳು. ಎಂಥ ಗುರುತೆಂದು ಗಾಳಿಯಲ್ಲಿ ಬರೆದು ತೋರಿಸಿದಳು. ಅಮ್ಮನ ಹುಬ್ಬು ಗಂಟಾಯಿತು.

‘ಅದು ಒಡೆದಾಕೋ ಗುರ್ತಲ್ವಾ? ಇಸ್ಕೂಲಲ್ಲಿ ತಪ್ಪು ಬರ್ದ್ರೆ ನಿಂಗೆ ಆಕ್ತಿದ್ರಲ್ಲ. ನಾನು ಒಳ್ಳೇ ಪತ್ರಕ್ಕೆ ಅದನ್ನ ಆಕ್ಬೇಕಾ? ಎಬ್ಬೆಟ್ಟು ಒತ್ತೋಕೆ ಸಾಯಿ ತರೋಕ್ಕೇಳು.’

ಆ ಕಚೇರಿಯಲ್ಲಿ ಹೆಬ್ಬೆಟ್ಟಿನ ಶಾಯಿ ಇರಲಿಲ್ಲ. ನಾನು ಅಮ್ಮನ ಪಾಸ್‌ಪೋರ್ಟು ತೆರೆದು, ನಮ್ಮ ಸರ್ಕಾರ ಇವಳ ಹೆಬ್ಬೆಟ್ಟನ್ನು ನಂಬಿಯೇ ಹೊರಗೆ ಬಿಟ್ಟಿದೆ ಎಂದು ತೋರಿಸಿದೆ. ಹೆಂಗಸು ಒಳಗೆ ಹೋಗಿ ಯಾರನ್ನೋ ಕೇಳಿ ಬಂದಳು. ಯಾವ ಗುರುತಾದರೂ ಆಗುತ್ತದಂತೆ, ಸಂಬಂಧವಿಲ್ಲದ ಇಬ್ಬರು ಸಾಕ್ಷಿ ಇದ್ದರಾಯಿತು. ತಾರೀಕು ಒತ್ತುವ ಮುದ್ರೆಯ ಶಾಯಿಪೆಟ್ಟಿಗೆಯನ್ನು ತೆರೆದು ಕಟ್ಟೆಯ ಮೇಲಿಟ್ಟಳು.

ಬಂಗಾರಪೇಟೆಯಲ್ಲಿ ಸಾಕ್ಷಿ ಬೇಕಾದರೆ ಟೀ ಅಂಗಡಿಯ ಕಡೆ ಕೈ ಬೀಸಿದರೆ ಸಾಕು. ಇಲ್ಲಿ ನಮ್ಮ ಹಿಂದೆ ಇದ್ದದ್ದು ಮದುವೆಯ ಪರವಾನಗಿಗೆ ಬಂದ ಹುಡುಗ ಹುಡುಗಿ ಇಬ್ಬರೇ. ಪಾಪ, ಒಬ್ಬರ ಬೆರಳಲ್ಲಿ ಒಬ್ಬರು ಬೆರಳು ಸಿಕ್ಕಿಸಿಕೊಂಡು ನಿಂತಿದ್ದರು. ಕೇಳಿದೆ. ಹುಡುಗಿ ಒಪ್ಪಿದಳು, ಹುಡುಗ ಅವಳು ಒಪ್ಪಿದ್ದಕ್ಕೆ ಒಪ್ಪಿದ.

ಅಮ್ಮ ಹೆಬ್ಬೆರಳನ್ನು ಶಾಯಿಗೆ ಅದ್ದಿ, ಹೊರಳಿಸಿ, ಒತ್ತಿದಳು. ಯಾರೂ ಅವಳ ಮಣಿಕಟ್ಟು ಹಿಡಿದಿರಲಿಲ್ಲ. ಅದನ್ನು ಅವಳೂ ಗಮನಿಸಿದಳು ಅನ್ನಿಸುತ್ತದೆ, ಒತ್ತಿದ ಮೇಲೆ ತನ್ನ ಮಣಿಕಟ್ಟನ್ನೇ ಒಮ್ಮೆ ನೋಡಿಕೊಂಡಳು. ಆ ಹುಡುಗ ಹುಡುಗಿ ಪಕ್ಕದಲ್ಲಿ ರುಜು ಹಾಕಿದರು. ಅಮ್ಮ ಸೆರಗಿನ ಗಂಟಿನಿಂದ ಕುಂಕುಮದ ಪೊಟ್ಟಣ ತೆಗೆದು ಹುಡುಗಿಯ ಹಣೆಗಿಟ್ಟಳು. ‘ಮನೆ ತಗೊಂಡ್ರೆ ಇಬ್ರ ಎಸ್ರೂ ಆಕ್ಸ್ಕೊಳ್ರಮ್ಮ ಅಂತ ಏಳು’ ಅಂದಳು. ಹೇಳಿದೆ. ಹುಡುಗಿ ಗಂಭೀರವಾಗಿ ತಲೆಯಾಡಿಸಿ ಹುಡುಗನ ಕಡೆ ನೋಡಿದಳು. ಅವನ ಬೆರಳು ಸ್ವಲ್ಪ ಸಡಿಲವಾದಂತೆ ಕಂಡಿತು.

ಹೆಂಗಸು ಪತ್ರಕ್ಕೆ ಮುದ್ರೆ ಒತ್ತಿ, ಒಳಗೆ ಅದರದೊಂದು ಫೋಟೋ ತೆಗೆದಿಟ್ಟುಕೊಂಡು, ನಾವು ಕೂರುವ ಮೊದಲೇ ತಿರುಗಿ ಕೊಟ್ಟಳು. ದಾಖಲಾಯಿತು ಅಂದಳು. ಅಮ್ಮನಿಗೆ ಅನುಮಾನ: ‘ಇಷ್ಟು ಬಿರ್ನೆ ಆದ್ರೆ ಬಿರ್ನೆ ಅಳಿಸ್ಬೋದೂ ತಾನೆ?’

ಹೆಂಗಸಿಗೆ ಹೇಳಿದೆ. ಅವಳು ಮೊದಲ ಸಲ ನಕ್ಕಳು. ‘ಇಲ್ಲಿ ಯಾವುದನ್ನೂ ಅಳಿಸುವುದಿಲ್ಲ. ಅವರ ಹೆಸರನ್ನು ಯಾರು ಬಂದು ಕೇಳಿದರೂ ತೋರಿಸುತ್ತೇನೆ.’

‘ನಮ್ಮಣ್ಣ ಬಂದ್ರೂ ತೋರಿಸ್ತಾಳಾ?’ ಅಂದಳು ಅಮ್ಮ.

ಹುಣಸೆಮರ

ಊರಿಗೆ ಬಂದ ಮೇಲೆ ಅಮ್ಮ ಸುಮ್ಮನೆ ಕೂರುತ್ತಾಳೆ ಎಂದುಕೊಂಡಿದ್ದೆ. ಲೈನಿನವರಿಗೆಲ್ಲ ಅಮೆರಿಕ ಹೇಗಿತ್ತೆಂದು ಹೇಳುವುದೇ ನನಗೆ ಕೆಲಸವಾಗಿತ್ತು. ಸುಂಕದವನು ಅವರೆಬೇಳೆ ತಿಂದ ಮುಖವನ್ನು ಎಷ್ಟು ಸಲ ಮಾಡಿ ತೋರಿಸಿದರೂ ಅವರಿಗೆ ಸಾಲದು. ಒಂದು ಬೆಳಿಗ್ಗೆ ಅಮ್ಮ ಟ್ರಂಕು ತೆಗೆದು, ದೊಡ್ಡಮಾವ ಕೊಟ್ಟಿದ್ದ ಸೀರೆಯನ್ನು ಕಾಗದದಲ್ಲಿ ಸುತ್ತಿಕೊಂಡಳು. ‘ನಡಿಲಾ ಬಂಗಾರಪೇಟೆಗೆ.’

ಮರದ ಕೆಳಗೆ ಶಾಮಣ್ಣ ಇದ್ದ. ಕಾಗೆಗಳೂ ಇದ್ದವು. ‘ಏನ್ ಮುನಿಯಮ್ಮ, ಅಮೇರಿಕ ಎಂಗೈತೆ?’ ಎಂದು ಮೂಗಿನಲ್ಲಿ ಕೇಳಿದ. ಅವನು ನನ್ನನ್ನು ಅಣಕಿಸುತ್ತಿದ್ದಾನೆ ಎಂದು ಒಂದು ಕ್ಷಣ ನನಗೆ ಅನ್ನಿಸಿತು.

‘ಅಲ್ಲಿ ಎಸ್ರು ಸೇರ್ಸೋ ಪತ್ರ ಬರೀತಾರೆ ಶಾಮಣ್ಣ. ನಿಂಗೆ ಬತ್ತದಾ?’

‘ಯಾವ ಸ್ವತ್ತಿಗೆ?’

‘ನಮ್ಮಪ್ಪನ ರಾಗಿ ಒಲಕ್ಕೆ. ನೀನೇ ಓದಿ ತೆಗ್ಸಿದ್ಯಲ್ಲ, ಆ ಎಸ್ರು.’

ಶಾಮಣ್ಣ ಪೆನ್ನು ಕೆಳಗಿಟ್ಟ. ಮೂಗಿನ ದನಿ ಬಿಟ್ಟು ಸಾಮಾನ್ಯ ಮನುಷ್ಯನಂತೆ ಮಾತಾಡಿದ. ‘ಬಿಟ್ಟ ಅಕ್ಕು ಬಿಟ್ಟಂಗೇ ಕಣಮ್ಮ. ನಿಮ್ಮಣ್ಣ ಅವ್ನಾಗೇ ಬಂದು ಭಾಗ ಬರ್ಕೊಟ್ರೆ ಉಂಟು, ಇಲ್ದಿದ್ರೆ ಇಲ್ಲ. ಅವ್ನು ಬತ್ತಾನಾ?’

‘ಬರ್ದಿಡು. ಚಕ್ಕುಬಂದಿ ನಂಗೆ ಬಾಯಲ್ಲೈತೆ, ಏಳ್ತೀನಿ. ಅವ್ನು ಸೈ ಆಕೋ ಜಾಗ ಕಾಲಿ ಬುಡು.’

ಶಾಮಣ್ಣ ಅವಳ ಮುಖ ನೋಡಿದ, ಆಮೇಲೆ ಒಂದು ಹಾಳೆ ತೆಗೆದ. ಅಮ್ಮ ಕಾಗದ ಬಿಚ್ಚಿ ಆ ಸೀರೆಯನ್ನು ಮೇಜಿನ ತುದಿಗಿಟ್ಟು, ಜರಿ ಅಂಚು ಮೇಲೆ ಬರುವಂತೆ ಸರಿಮಾಡಿದಳು. ಮರದ ಬೇರಿನ ಮೇಲೆ ಕೂತು ಕಾಲು ಚಾಚಿದಳು.

‘ಓಗ್ಲಾ, ನಿಮ್ ದೊಡ್ಮಾವನ್ನ ಕರ್ಕೊಂಬಾ’ ಅಂದಳು. ‘ಸೀರೆ ತಂದು ಕಾಯ್ತಾ ಅವ್ಳೆ ಅಂತ ಏಳು.’